ಕೆರೆ–ದಡ: ನಮ್ಮ ಮಕ್ಕಳ ಅಂಕೆ ಯಾರ ಕೈಯಲ್ಲಿ?



ಈ ಸಂಚಿಕೆಯ ಸಂಪಾದಕೀಯ ಮಕ್ಕಳ ಆಟದ ಬಗ್ಗೆ. ಭೂಮಿ, ಕೂಲಿ, ಮೀಸಲಾತಿ, ದೌರ್ಜನ್ಯ ಇಷ್ಟೆಲ್ಲ ಇರುವಾಗ ಆಟದ ಮೇಲೆ ಬರೆಯೋಕೆ ಇವರಿಗೇನು ಬಂತು ಎಂದು ನೀವು ಕೇಳಬಹುದು. ಕೇಳಲೇಬೇಕು. ನಮ್ಮ ಉತ್ತರ ಇಷ್ಟೆ: ಮೂರರಿಂದ ಆರು ವರ್ಷದ ನಮ್ಮ ಕೇರಿಯ ಮಕ್ಕಳ ಮೇಲೆ ಒಂದು ತೀರ್ಪು ಆಗಲೇ ಬರೆದಿಟ್ಟಾಗಿದೆ. ಆ ತೀರ್ಪನ್ನು ಹರಿದು ಹಾಕುವುದೂ ಚಳವಳಿಯ ಕೆಲಸ.

ಏನದು ತೀರ್ಪು? ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಿ. "ಈ ಕೇರಿ ಹುಡುಗರು ಕೂತ ಕಡೆ ಕೂರಲ್ಲ. ಹೇಳಿದ್ದು ತಲೆಗೆ ಹತ್ತಲ್ಲ. ಇವಕ್ಕೆ ಬರೋದೇ ಇಷ್ಟು." ಹಿಂದೆ ಇದನ್ನು ಕರ್ಮ ಅಂದರು. ಈಗ ಅದೇ ಮಾತಿಗೆ ಪ್ಯಾಂಟು ಶರಟು ತೊಡಿಸಿ 'ಶಿಸ್ತಿಲ್ಲ', 'ಏಕಾಗ್ರತೆ ಇಲ್ಲ' ಅನ್ನುತ್ತಾರೆ. ಮಗು ಹಿಂದಿನ ಸಾಲಿಗೆ ಹೋಗುತ್ತದೆ. ಹಿಂದಿನ ಸಾಲಿನಿಂದ ಗಾರೆ ಕೆಲಸಕ್ಕೆ, ಇಟ್ಟಿಗೆ ಗೂಡಿಗೆ, ಹೋಟೆಲಿನ ಲೋಟ ತೊಳೆಯೋಕೆ ದಾರಿ ಬಹಳ ದೂರವಿಲ್ಲ. ಹಾಸ್ಟೆಲ್ಲಿಗೆ ಬಂದು ಮುಟ್ಟಿದ ನಾವು ನೀವು ಆ ಜರಡಿಯಲ್ಲಿ ಹೇಗೋ ಸಿಕ್ಕಿಕೊಂಡು ಉಳಿದವರು. ಕೆಳಗೆ ಬಿದ್ದವರೂ ಕಾಳೇ. ಜೊಳ್ಳಲ್ಲ.

ನಮ್ಮ ಮಕ್ಕಳಿಗೆ ತಡೆದುಕೊಳ್ಳುವುದು ಗೊತ್ತಿಲ್ಲವಂತೆ! ಈ ದೇಶದಲ್ಲಿ ತಡೆದುಕೊಳ್ಳುವ ಪಾಠವನ್ನು ನಮಗಿಂತ ಹೆಚ್ಚು ಕಲಿತವರು ಯಾರಿದ್ದಾರೆ? ಬಾಲಕ ಭೀಮರಾವ್ ಶಾಲೆಗೆ ಹೋಗುವಾಗ ಕೂರಲು ಮನೆಯಿಂದ ಗೋಣಿತಟ್ಟು ಒಯ್ಯುತ್ತಿದ್ದ. ಬಾಯಾರಿದರೆ ನಲ್ಲಿ ಮುಟ್ಟುವ ಹಾಗಿಲ್ಲ. ಜವಾನ ಬಂದು ನಲ್ಲಿ ತಿರುಗಿಸುವವರೆಗೆ ಕಾಯಬೇಕು. ಜವಾನ ಬಾರದ ದಿನ ನೀರಿಲ್ಲ. ಬಾಬಾಸಾಹೇಬರೇ ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟಿದ್ದಾರೆ. ಇದು ಹಳೇ ಕಥೆ ಎನ್ನುವವರು ಕೊಪ್ಪಳ ಜಿಲ್ಲೆಯ ಮಿಯಾಪುರವನ್ನು ನೆನಪು ಮಾಡಿಕೊಳ್ಳಲಿ. 2021ರ ಸೆಪ್ಟೆಂಬರಿನಲ್ಲಿ ಇನ್ನೂ ಶಾಲೆಯ ಮುಖ ಕಾಣದ ದಲಿತ ಕೂಸೊಂದು ಅಲ್ಲಿನ ಗುಡಿಯೊಳಕ್ಕೆ ಓಡಿಹೋಯಿತು. ಗುಡಿ ಶುದ್ಧಿಗೆಂದು ಅಪ್ಪನಿಂದ 25,000 ರೂಪಾಯಿ ಕೇಳಿದರು. ಆಮೇಲೆ ಪೊಲೀಸು, ಕೇಸು, ಬಂಧನ ಎಲ್ಲ ಆಯಿತು. ಆದರೆ ಆ ಸುದ್ದಿ ಕೇಳಿದ ಎಷ್ಟು ಕೇರಿಗಳಲ್ಲಿ ಎಷ್ಟು ಅವ್ವಂದಿರು ಅವತ್ತು ರಾತ್ರಿ ತಮ್ಮ ಮಕ್ಕಳ ಕೈ ಹಿಡಿದು "ಅತ್ಲಾಗ್ ಹೋಗಬ್ಯಾಡ ಕಣಪ್ಪಾ" ಎಂದಿರಬೇಕು! ನಡೆಯಲು ಕಲಿಯುವ ಮೊದಲೇ ನಿಲ್ಲಲು ಕಲಿಸುವುದು ಎಂದರೆ ಇದು.

ಇಲ್ಲೇ ನಾವು ಒಂದು ಗೆರೆ ಎಳೆಯಬೇಕು. ತಡೆದುಕೊಳ್ಳುವುದರಲ್ಲಿ ಎರಡು ಬಗೆ ಇದೆ. ಒಂದು, ಹೊರಗಿನವನ ಅಂಕೆ. ಬೆತ್ತಕ್ಕೆ, ಬೈಗುಳಕ್ಕೆ, ಜಾತಿಗೆ ಹೆದರಿ ನಿಲ್ಲುವುದು. "ಕೈ ಕಟ್, ಬಾಯ್ ಮುಚ್" ಎಂಬ ಶಾಲೆಯ ಮಂತ್ರ ಈ ಅಂಕೆಯ ಮೊದಲ ಪಾಠ. ಇನ್ನೊಂದು, ಒಳಗಿನ ಹಿಡಿತ. ತನಗೆ ಬೇಕಾದ್ದು ಮಾಡೋದಕ್ಕಾಗಿ ಮಗು ತನ್ನನ್ನೇ ತಾನು ಹಿಡಿದುಕೊಳ್ಳುವುದು. ಮೊದಲನೆಯದರಲ್ಲಿ ಹಗ್ಗ ಯಜಮಾನನ ಕೈಯಲ್ಲಿ. ಎರಡನೆಯದರಲ್ಲಿ ಮಗುವಿನ ಕೈಯಲ್ಲಿ. ಯಜಮಾನ ಅತ್ತ ತಿರುಗಿದರೆ ಮೊದಲನೆಯದು ಮುಗಿಯಿತು. ಎರಡನೆಯದು ಮಗುವಿನ ಜೊತೆಯಲ್ಲೇ ಹೋಗುತ್ತದೆ, ಪರೀಕ್ಷೆಯ ಹಾಲಿಗೂ, ಹೋರಾಟದ ಬೀದಿಗೂ. ನಮಗೆ ಬೇಕಾದ್ದು ಎರಡನೆಯದು. ನಮಗೆ ಇದುವರೆಗೆ ಕೊಟ್ಟದ್ದು ಮೊದಲನೆಯದು.

ಈ ಒಳಗಿನ ಹಿಡಿತವನ್ನು ವಿಜ್ಞಾನಿಗಳು ಬಹಳ ವರ್ಷದಿಂದ ಅಭ್ಯಾಸ ಮಾಡುತ್ತಿದ್ದಾರೆ. ಇಂಗ್ಲಿಷಿನ ದೊಡ್ಡ ಹೆಸರು ಬದಿಗಿಟ್ಟರೆ ಅದರಲ್ಲಿ ಮೂರು ಕೆಲಸ ಇವೆ. ಹೇಳಿದ್ದನ್ನು ನೆನಪಲ್ಲಿ ಹಿಡಿದುಕೊಂಡು ಕೆಲಸ ಮಾಡುವುದು. ಕೈ ತಾನಾಗಿ ಓಡುವ ಕಡೆ ಓಡದಂತೆ ತಡೆಯುವುದು. ನಿಯಮ ಬದಲಾದಾಗ ತಾನೂ ಬದಲಾಗುವುದು. ಇವು ಹಣೆಯ ಹಿಂದಿನ ಮಿದುಳಿನ ಭಾಗವನ್ನು ಬಹುಮಟ್ಟಿಗೆ ನೆಚ್ಚಿವೆ. ಮೂರರಿಂದ ಐದು ವರ್ಷದ ನಡುವೆ ಭರದಿಂದ ಬೆಳೆಯುತ್ತವೆ. ಇಪ್ಪತ್ತು ದಾಟುವವರೆಗೂ ಬೆಳೆಯುತ್ತಲೇ ಇರುತ್ತವೆ. ಅಂದರೆ ಯಾರೂ ಹುಟ್ಟುವಾಗಲೇ ಇವನ್ನು ಜನಿವಾರದ ಹಾಗೆ ಹಾಕಿಕೊಂಡು ಬರುವುದಿಲ್ಲ. ಬಳಸಿ ಬಳಸಿ ಬಲಗೊಳಿಸಬೇಕು.

ಇದರಲ್ಲೂ ಒಂದು ಮೋಸ ನಡೆದುಹೋಗಿದೆ, ಅದನ್ನು ತಿಳಿಯಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಶುರು ಮಾಡಿದ. ಮಗುವಿನ ಮುಂದೆ ಒಂದು ತಿಂಡಿ. ಈಗಲೇ ತಿಂದರೆ ಒಂದೇ, ನಾನು ವಾಪಸು ಬರುವವರೆಗೆ ಕಾದರೆ ಎರಡು. ಕೆಲವರು ತಿಂದರು, ಕೆಲವರು ಕಾದರು. ವರ್ಷಗಳ ಮೇಲೆ ನೋಡಿದರೆ ಕಾದವರು ಓದಿನಲ್ಲಿ ಮುಂದೆ ಇದ್ದರು. ತಗೋ, ಲೋಕಕ್ಕೆ ಒಂದು ನೀತಿಕಥೆ ಸಿಕ್ಕಿತು. ಕಾಯಲಾರದವನು ಬಡವನಾಗುತ್ತಾನೆ, ಬಡತನಕ್ಕೆ ಬಡವನ ಬಾಯಿ ಚಪಲವೇ ಕಾರಣ ಎಂದು ಹೇಳಿಕೊಂಡು ತಿರುಗುವವರು ಹುಟ್ಟಿಕೊಂಡರು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದವರು 28 ಮಕ್ಕಳನ್ನು ಇಟ್ಟುಕೊಂಡು ಅದೇ ಪ್ರಯೋಗಕ್ಕೆ ಮುಂಚೆ ಇನ್ನೊಂದು ಸಣ್ಣ ಕೆಲಸ ಮಾಡಿದರು. ಅರ್ಧ ಮಕ್ಕಳಿಗೆ "ಒಳ್ಳೇ ಬಣ್ಣದ ಕಡ್ಡಿ ತಂದುಕೊಡ್ತೀನಿ ಇರು" ಎಂದು ಹೇಳಿ ಹೋಗಿ ತಂದುಕೊಟ್ಟರು. ಇನ್ನರ್ಧ ಮಕ್ಕಳಿಗೆ ಅದೇ ಮಾತು ಕೊಟ್ಟು ಬರಿಗೈಯಲ್ಲಿ ವಾಪಸು ಬಂದರು. ಆಮೇಲೆ ತಿಂಡಿ ಇಟ್ಟರು. ಮಾತು ಉಳಿಸಿಕೊಂಡದ್ದನ್ನು ನೋಡಿದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದ ಮಕ್ಕಳು 3 ನಿಮಿಷ ಕಾದರು. ಅಷ್ಟೆ! ಮಿದುಳು ಅದೇ, ತಿಂಡಿ ಅದೇ. ಬದಲಾದದ್ದು ನಂಬಿಕೆ. 2018ರಲ್ಲಿ ವಾಟ್ಸ್, ಡಂಕನ್, ಕ್ವಾನ್ ಎಂಬ ಮೂವರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ಮತ್ತೆ ಲೆಕ್ಕ ಹಾಕಿದರು. ಕಾಯುವುದಕ್ಕೂ ಮುಂದಿನ ಓದಿಗೂ ಇದ್ದ ನಂಟು ಹಳೆಯ ಲೆಕ್ಕದ ಅರ್ಧಕ್ಕೆ ಇಳಿಯಿತು. ಮನೆಯ ಸ್ಥಿತಿ, ಮಗುವಿನ ಮೊದಲಿನ ಕಲಿಕೆ ಎಲ್ಲ ಸೇರಿಸಿ ನೋಡಿದಾಗ ಉಳಿದ ಅರ್ಧದಲ್ಲೂ ಮೂರರಲ್ಲಿ ಎರಡು ಪಾಲು ಕರಗಿಹೋಯಿತು.

ಇದರ ಅರ್ಥ ಹಾಸ್ಟೆಲಿನ ಹುಡುಗರಿಗೆ ಬಿಡಿಸಿ ಹೇಳಬೇಕೇ? ಸ್ಕಾಲರ್‌ಶಿಪ್ ಬರುತ್ತದೆ, ಇರು. ಪಟ್ಟಾ ಸಿಗುತ್ತದೆ, ಇರು. ಮನೆ ಮಂಜೂರಾಗಿದೆ, ಇರು. ತಲೆಮಾರಿನಿಂದ ಕೊಟ್ಟ ಮಾತು ಮುರಿದವರೇ ಸುತ್ತ ಇರುವಾಗ, ಕೈಗೆ ಸಿಕ್ಕಿದ್ದನ್ನು ಈಗಲೇ ತಿನ್ನುವ ಮಗು ದಡ್ಡ ಅಲ್ಲ. ಅದು ಲೋಕವನ್ನು ಸರಿಯಾಗಿ ಓದಿಕೊಂಡಿದೆ. ಆದ್ದರಿಂದ ಮಗುವಿಗೆ ತಾಳ್ಮೆ ಕಲಿಸಬೇಕೆನ್ನುವವನು ಮೊದಲು ತಾನು ಮಾತು ಉಳಿಸಿಕೊಳ್ಳಬೇಕು.

ಇನ್ನು ಆಟ. ರಷ್ಯದ ಲೆವ್ ವಿಗೋಟ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞನ ಹೆಸರು ಬಿ.ಎಡ್. ಓದುವವರಿಗೆ ಗೊತ್ತು. ಅವನು ಯಹೂದಿ. ಯಹೂದಿಗಳಿಗೆ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ನೂರಕ್ಕೆ ಮೂರು ಸೀಟಿನ ಮಿತಿ ಹಾಕಿದ್ದ ಕಾಲದಲ್ಲಿ, 1913ರಲ್ಲಿ, ಚೀಟಿ ಎತ್ತಿ ಸೀಟು ಪಡೆದವನು. ಮೂವತ್ತೇಳಕ್ಕೇ ಸತ್ತುಹೋದ. ಅವನು ಕಂಡದ್ದು ಇದು: ಆಟ ಎಂದರೆ ಮನಸ್ಸು ಬಂದದ್ದು ಮಾಡುವುದಲ್ಲ. ಕೋಲನ್ನು ಕುದುರೆ ಮಾಡಿಕೊಂಡ ಮಗು ಕುದುರೆಯ ನಿಯಮಕ್ಕೆ ಒಳಪಡುತ್ತದೆ. ಬಸ್ಸಿನ ಆಟದಲ್ಲಿ ಪ್ರಯಾಣಿಕನಾದ ಮಗು, ಓಡಬೇಕು ಎನಿಸಿದರೂ, ಸ್ಟಾಪು ಬರುವವರೆಗೆ ಸೀಟಲ್ಲಿ ಕೂರುತ್ತದೆ. ಹೊಡೆದರೂ ಐದು ನಿಮಿಷ ಕೂರದ ಮಗು ಆಟದಲ್ಲಿ ತಾನಾಗಿ ಕೂರುತ್ತದೆ. ಅಂಕೆ ಹಿಡಿತವಾಗುವ ಜಾಗ ಅದೇ.

ಇದಕ್ಕೆ ಪೇಟೆಯ ಪ್ಲಾಸ್ಟಿಕ್ ಸಾಮಾನು ಬೇಡ. ನಮ್ಮ ಬೀದಿಯಲ್ಲೇ ಇದೆ.

ಕೆರೆ–ದಡ. ನೆಲದಲ್ಲಿ ಒಂದು ಗೆರೆ. ಈಚೆ ದಡ, ಆಚೆ ಕೆರೆ. ಕೂಗುವವನು "ಕೆರೆ" ಎಂದರೆ ಕೆರೆಗೆ ಹಾರಬೇಕು, "ದಡ" ಎಂದರೆ ದಡಕ್ಕೆ. "ದಡ, ದಡ, ಕೆರೆ, ಕೆರೆ" ಎಂದು ಕೂಗುತ್ತ ಮೋಸ ಮಾಡುತ್ತಾನೆ. ಕಾಲು ಹಾರೋಕೆ ಎದ್ದಿರುತ್ತದೆ, ಕಿವಿ ಕೇಳಿ ತಡೆಯಬೇಕು. ಇದು ಚೆನ್ನಾಗಿ ಬಂದ ಮೇಲೆ, ನಾಲ್ಕೂವರೆ ಐದು ವರ್ಷದವರಿಗೆ, ನಿಯಮ ತಿರುಗಿಸಿ: "ಕೆರೆ" ಎಂದರೆ ದಡ, "ದಡ" ಎಂದರೆ ಕೆರೆ. ನೆನಪು, ತಡೆ, ಬದಲಾವಣೆ ಮೂರೂ ಒಂದೇ ಆಟದಲ್ಲಿ ಬಂದವು. ಒಂದು ತಿದ್ದುಪಡಿ ಮಾತ್ರ ಬೇಕು. ತಪ್ಪಿದವನನ್ನು ಔಟ್ ಮಾಡಿ ಹೊರಗೆ ಕೂರಿಸಬೇಡಿ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಹೊರಗೆ ಕೂತರೆ ಆಟವೂ ಊರಿನಂತೆಯೇ ಆಯಿತು. ತಪ್ಪಿದವನು ನಗಲಿ, ಮತ್ತೆ ಸಾಲಿಗೆ ಬರಲಿ. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಡನೆ ಚವದಾರ್ ಕೆರೆಗೆ ಇಳಿದರು. ನಮ್ಮ ಮಕ್ಕಳು ಕೆರೆಗೆ ಹಾರುವ ಆಟ ಆಡುವಾಗ, ದೊಡ್ಡವರಾದ ಮೇಲೆ ಹೇಳಿಕೊಡಲು ನಮ್ಮಲ್ಲಿ ಒಂದು ಕಥೆ ಸಿದ್ಧವಾಗಿದೆ.

ತಮಟೆ ಆಟ. ತಮಟೆ ಬಡಿದರೆ ಕುಣಿಯಬೇಕು, ನಿಂತರೆ ಕಲ್ಲಾಗಬೇಕು. ಆಮೇಲೆ: ಜೋರಾಗಿ ಬಡಿದರೆ ಮೆಲ್ಲಗೆ ನಡೆ, ಮೆಲ್ಲಗೆ ಬಡಿದರೆ ಬಿರಬಿರನೆ ನಡೆ. ಸಾವಿಗೆ, ಜಾತ್ರೆಗೆ ಬಿಟ್ಟಿ ಬಡಿಸಿದ ತಮಟೆ ಇದೇ. ಈಗ ನಮ್ಮ ಕೂಸುಗಳ ಬುದ್ಧಿಗೆ ಬಡಿಯಲಿ.

ತಲೆ–ಕಾಲು. "ತಲೆ ಮುಟ್ಟು" ಎಂದರೆ ಕಾಲು ಮುಟ್ಟಬೇಕು, "ಕಾಲು ಮುಟ್ಟು" ಎಂದರೆ ತಲೆ. ನೋಡಲು ತಮಾಷೆ. ಆದರೆ ಮಕ್ಕಳ ಹಿಡಿತ ಅಳೆಯಲು ಸಂಶೋಧಕರು ಬಳಸುವ ಒಂದು ಪರೀಕ್ಷೆಯೇ ಇದು.

ಬೀಜದ ಆಟ. ಹುಣಸೆ, ಅವರೆ, ಹೊಂಗೆ ಬೀಜ ಒಂದು ರಾಶಿ. ಮೊದಲು ಬಣ್ಣ ನೋಡಿ ಬೇರೆ ಮಾಡಿ. ಮುಗಿದ ಮೇಲೆ ಎಲ್ಲ ಕಲಸಿ. ಈಗ ದೊಡ್ಡದು ಚಿಕ್ಕದು ನೋಡಿ ಬೇರೆ ಮಾಡಿ. ಬೀಜ ಅವೇ, ಗುಂಪು ಬೇರೆ. ಗುಂಪು ಮಾಡಿದ್ದು ಬೀಜ ಅಲ್ಲ, ನಾವು ಇಟ್ಟ ನಿಯಮ ಎನ್ನುವುದನ್ನು ಮಗು ಕೈಯಾರೆ ನೋಡುತ್ತದೆ. ಇದರಿಂದ ಜಾತಿ ಹೋಗುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ವಿಂಗಡಣೆ ಮನುಷ್ಯರು ಮಾಡಿದ್ದು, ಬೇರೆ ಥರವೂ ಮಾಡಬಹುದು ಎಂದು ತಿಳಿದ ಬುದ್ಧಿ ನಮಗೆ ಬೇಕು. ನಾಲ್ಕು ಬೀಜ ಸಾಲಾಗಿ ಇಟ್ಟು, ಟವೆಲ್ ಮುಚ್ಚಿ, ಒಂದು ತೆಗೆದು "ಯಾವುದು ಹೋಯ್ತು?" ಎಂದು ಕೇಳಿದರೆ ಅದು ನೆನಪಿನ ಆಟ.

ಬಸ್ಸು, ಆಸ್ಪತ್ರೆ, ಸಂತೆ. ಕಂಡಕ್ಟರ್ ಯಾರು, ಡಾಕ್ಟರ್ ಯಾರು, ಮೊದಲು ಮಾತಾಡಿಕೊಳ್ಳಲಿ. ಆಮೇಲೆ ಆಡಲಿ. ಆಡಿದ ಮೇಲೆ ಏನಾಯಿತು ಎಂದು ಹೇಳಲಿ. ಇಲ್ಲಿ ಕಣ್ಣಿಟ್ಟು ನೋಡಬೇಕಾದ್ದು ಒಂದಿದೆ. ದಿನಾ ಯಾರು ಸಾಹೇಬರಾಗುತ್ತಾರೆ, ಯಾರು ಕಸ ಗುಡಿಸುತ್ತಾರೆ? ಹೆಣ್ಣುಮಕ್ಕಳು ದಿನಾ ರೊಟ್ಟಿಯನ್ನೇ ತಟ್ಟುತ್ತಿದ್ದಾರೆಯೇ? ಪಾತ್ರ ತಿರುಗುತ್ತಿರಲಿ. ಕೆರೆ–ದಡದಲ್ಲಿ ಕೂಗುವ ಸರದಿಯೂ ತಿರುಗುತ್ತಿರಲಿ. ಆಜ್ಞೆ ಪಾಲಿಸಿದ್ದು ಸಾಕು, ನಮ್ಮ ಹುಡುಗಿಯೂ ಒಮ್ಮೆ ಕೂಗಲಿ, ಊರೆಲ್ಲ ಹಾರಲಿ.

ಆಟದಿಂದ ನಿಜವಾಗಿ ಏನಾದರೂ ಆಗುತ್ತದೆಯೇ? ಅಮೆರಿಕದ ಆರಿಗನ್ನಿನಲ್ಲಿ ಟೊಮಿನಿ, ಮೆಕ್ಲೆಲ್ಯಾಂಡ್ ಎಂಬ ಇಬ್ಬರು ಇಂಥ ಆಟಗಳನ್ನೇ ಎಂಟು ವಾರ, ಹದಿನಾರು ಸಲ ಆಡಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರಿಗೂ ಲಾಭವಾಗಲಿಲ್ಲ. ಶುರುವಿನಲ್ಲಿ ಹಿಂದೆ ಇದ್ದ ಮಕ್ಕಳು ಮುಂದೆ ಬಂದರು. 2015ರಲ್ಲಿ ಬಡ ಮಕ್ಕಳ ಹೆಡ್ ಸ್ಟಾರ್ಟ್ ಶಾಲೆಗಳ 276 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲೂ ಹಿಡಿತ ಹೆಚ್ಚಿತು, ಮನೆಮಾತು ಇಂಗ್ಲಿಷ್ ಅಲ್ಲದ ಮಕ್ಕಳು ಲೆಕ್ಕದಲ್ಲೂ ಮುಂದಾದರು. ಮಿಶಿಗನ್ನಿನ ಪೆರ್ರಿ ಶಿಶುಶಾಲೆಯ ಕಥೆ ಇನ್ನೂ ದೊಡ್ಡದು. 1962ರಿಂದ 1967ರವರೆಗೆ 123 ಬಡ ಕಪ್ಪು ಮಕ್ಕಳಲ್ಲಿ 58 ಮಕ್ಕಳಿಗೆ ಒಳ್ಳೆಯ ಶಿಶುಶಾಲೆ ಕೊಟ್ಟರು. ಬುದ್ಧಿಮತ್ತೆಯ ಅಂಕದಲ್ಲಿ ಬಂದ ಏರಿಕೆ ಕೆಲವೇ ವರ್ಷದಲ್ಲಿ ಕರಗಿತು. ಆದರೆ ನಲವತ್ತು ವರ್ಷದವರಾದಾಗ ನೋಡಿದರೆ ಅವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಸಂಪಾದನೆ ಹೆಚ್ಚು, ಜೈಲು ಪೊಲೀಸಿನ ಕಾಟ ಕಡಿಮೆ.

ಹಾಗೆಂದು ಆಟ ಮಂತ್ರದ ದಾರ ಅಲ್ಲ. ಹಸಿದ ಮಗುವಿಗೆ ಕೆರೆ–ದಡ ಆಡಿಸಿ 'ಏಕಾಗ್ರತೆ' ಎನ್ನುವುದು ಕ್ರೌರ್ಯ. 1969ರಲ್ಲಿ ಓಕ್‌ಲ್ಯಾಂಡಿನ ಬ್ಲ್ಯಾಕ್ ಪ್ಯಾಂಥರುಗಳು ಮಕ್ಕಳ ಕೆಲಸ ಶುರು ಮಾಡಿದ್ದು ಬೆಳಗಿನ ತಿಂಡಿಯಿಂದ. ಮೊದಲು ಹೊಟ್ಟೆ, ಜೊತೆಗೆ ಆಟ.

ಸರಕಾರ ಎಲ್ಲಿದೆ? ಸಂವಿಧಾನದ 45ನೇ ವಿಧಿ ಮೂಲದಲ್ಲಿ ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳ ಶಿಕ್ಷಣದ ಮಾತಾಡಿತ್ತು, ಹತ್ತು ವರ್ಷದ ಗಡುವನ್ನೂ ಇಟ್ಟಿತ್ತು. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕರವರಿಗೆ ಮೂಲಭೂತ ಹಕ್ಕು ಕೊಟ್ಟಿತು. ಆರರ ಒಳಗಿನವರಿಗೆ ಉಳಿದದ್ದು ರಾಜ್ಯವು 'ಪ್ರಯತ್ನಿಸಬೇಕು' ಎಂಬ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಆರರಿಂದಲೇ ಶುರುವಾಗುತ್ತದೆ. ಮಿದುಳು ಬೆಳೆಯುವ ವಯಸ್ಸಿಗೆ ಪ್ರಯತ್ನ, ಬೆಳೆದ ಮೇಲೆ ಹಕ್ಕು! ಕಾಸಿರುವವನು ಈ ಮೂರು ವರ್ಷವನ್ನು ಕಾನ್ವೆಂಟಿನಲ್ಲಿ ಕೊಂಡುಕೊಳ್ಳುತ್ತಾನೆ. ನಮಗೆ ಇರುವುದು ಅಂಗನವಾಡಿ.

ಆ ಅಂಗನವಾಡಿಯನ್ನು ಕಡೆಗಣಿಸಬೇಡಿ. ಆ ಹೆಸರು, ಆ ಕಲ್ಪನೆ ತಾರಾಬಾಯಿ ಮೋಡಕ್ ಅವರದು. ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಲ್ಲಿ ಕೆಲಸ ಶುರು ಮಾಡಿದ ಅವರು, ಶಾಲೆಗೆ ಬಾರದ ಬಡಮಕ್ಕಳ ಅಂಗಳಕ್ಕೆ ಶಾಲೆಯನ್ನೇ ಒಯ್ದರು. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಯೋಜನೆ ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂದಿನಿಂದ ಅಂಗನವಾಡಿ ಟೀಚರ್ ತೂಕ ನೋಡಬೇಕು, ಅಡುಗೆ ನೋಡಬೇಕು, ರಿಜಿಸ್ಟರ್ ಬರೀಬೇಕು, ಈಗ ಫೋನಿನಲ್ಲಿ ಫೋಟೋ ಹಾಕಬೇಕು, ಪಾಠವನ್ನೂ ಮಾಡಬೇಕು. ಆಕೆಗೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ, 'ಗೌರವಧನ' ಅನ್ನುತ್ತಾರೆ. ಗ್ರಾಚ್ಯುಯಿಟಿ ಅವರ ಹಕ್ಕು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ದಲಿತ ಸಹಾಯಕಿ ಬೇಯಿಸಿದ್ದನ್ನು ನಮ್ಮ ಮಕ್ಕಳು ಉಣ್ಣಲ್ಲ ಎನ್ನುವವರು ಇನ್ನೂ ಇದ್ದಾರೆ. ಆದ್ದರಿಂದ ಅಂಗನವಾಡಿಯ ಅಕ್ಕಂದಿರ ಹೋರಾಟ ಮಕ್ಕಳ ಹೋರಾಟವೂ ಹೌದು. ಅವರ ಧರಣಿಗೆ ನಾವು ಹೋಗಬೇಕು.

ಈಗ ಕೆಲಸದ ಮಾತು. ರಜಕ್ಕೆ ಊರಿಗೆ ಹೋಗುವ ಹಾಸ್ಟೆಲಿನ ಅಣ್ಣ ತಮ್ಮಂದಿರೆ, ಅಕ್ಕ ತಂಗಿಯರೆ, ಮರದ ಕಟ್ಟೆಯ ಮೇಲೆ ಫೋನು ನೋಡುತ್ತ ಕೂರಬೇಡಿ. ಅಂಗನವಾಡಿ ಟೀಚರ್ ಹತ್ತಿರ ಹೋಗಿ, "ಅಕ್ಕಾ, ದಿನಕ್ಕೆ ಅರ್ಧ ಗಂಟೆ ಮಕ್ಕಳನ್ನ ಆಡಿಸ್ತೀವಿ" ಎಂದು ಕೇಳಿ. ಡಿಗ್ರಿ ಓದುತ್ತಿದ್ದೀವಿ ಅಂತ ಆಕೆಗೇ ಪಾಠ ಹೇಳಲು ಹೋಗಬೇಡಿ. ಆಕೆಗೆ ಮಕ್ಕಳ ಬಗ್ಗೆ ನಮಗಿಂತ ಹೆಚ್ಚು ಗೊತ್ತು. ಕೇರಿಯ ಮಕ್ಕಳು, ಊರಿನ ಮಕ್ಕಳು ಒಂದೇ ಸಾಲಲ್ಲಿ ನಿಲ್ಲಲಿ. ಕೈ ಕೈ ಹಿಡಿಯುವ ಆಟ ಆಡಿಸಿ, ಯಾರಾದರೂ ಬೇಡ ಎಂದರೆ ಅಂಜಬೇಡಿ. ಹೊಡೆಯಬೇಡಿ, ಹೆದರಿಸಬೇಡಿ. "ಕೈ ಕಟ್, ಬಾಯ್ ಮುಚ್" ಎಂಬ ಮಾತು ನಿಮ್ಮ ಬಾಯಲ್ಲಿ ಬರಬಾರದು. ಒಂದೇ ಆಟ ನಾಲ್ಕು ದಿನ ಆಡಿಸಿ, ಐದನೇ ದಿನ ನಿಯಮ ಬದಲಿಸಿ. ಮೂರು ವರ್ಷದ ಮಗುವಿಗೆ ಐದು ವರ್ಷದ ಆಟ ಹೇರಬೇಡಿ. ಎಲ್ಲಕ್ಕಿಂತ ಮುಖ್ಯ, "ನಾಳೆ ಬರ್ತೀನಿ" ಎಂದರೆ ನಾಳೆ ಹೋಗಿ. ಹೋಗಲಾಗದಿದ್ದರೆ ಆ ಮಾತು ಕೊಡಬೇಡಿ. ನಮ್ಮ ಮಕ್ಕಳ ಜೊತೆ ಮಾತು ಮುರಿಯುವ ಕೆಲಸಕ್ಕೆ ಬೇರೆಯವರು ಬೇಕಾದಷ್ಟು ಇದ್ದಾರೆ.

ಹಿಂದೂಡಿದ ಮಗು ಬಂಡೇಳಲು ಸಿಟ್ಟು ಸಾಲದು. ಸಿಟ್ಟನ್ನು ಹಿಡಿದು, ಹೊತ್ತು ನೋಡಿ, ಜಾಗ ನೋಡಿ ಬಳಸುವ ಬುದ್ಧಿ ಬೇಕು. ಬಾಬಾಸಾಹೇಬರಲ್ಲಿ ಇದ್ದದ್ದು ಅದೇ. ಆ ಬುದ್ಧಿಯ ಬೇರು ಕಾಲೇಜಿನಲ್ಲಿ ಅಲ್ಲ, ಅಂಗಳದ ಮಣ್ಣಿನಲ್ಲಿ ಇಳಿಯುತ್ತದೆ. ಅದಕ್ಕೇ ಈ ರಜದಲ್ಲಿ ಒಂದು ಗೆರೆ ಎಳೆಯಿರಿ. ಊರು ಎಳೆದ ಗೆರೆ ದಾಟಬೇಡ ಎನ್ನುತ್ತದೆ. ನೀವು ಎಳೆದ ಗೆರೆಯನ್ನು ಮಕ್ಕಳು ನಗುತ್ತ ನೂರು ಸಲ ದಾಟಲಿ.

ಎಷ್ಟು ಅಂಗನವಾಡಿಗೆ ಹೋದಿರಿ, ಯಾವ ಆಟ ನಡೆಯಿತು, ಯಾರು ತಡೆದರು, ಮುಂದಿನ ಸಭೆಗೆ ಬಂದು ಹೇಳಿ.

ಜೈ ಭೀಮ್.